ಅಕ್ಕನ ಅಂಕಿ

ಮಾರ್ಚ್ 4, ಮಂಗಳವಾರ

ಸಂಜೆ ಏಳು. ಇವತ್ತು ಶಾಲೆಯ ಅಂಗಿ ಹನ್ನೊಂದು, ಒಂದು ಕೋಟಿನ ತೋಳು, ಎರಡು ಜಿಪ್ಪು. ಅಂಗಡಿ ಬಾಗಿಲು ಎಳೆದು ಮನೆಗೆ ಬಂದು ಮುಖ ತೊಳೆದು ಕೂತಿದ್ದೇನೆ. ಇದು ಹಳೆಯ ಅಳತೆ ಪುಸ್ತಕ, ಅರ್ಧ ಖಾಲಿ ಉಳಿದಿತ್ತು. ಪುಟ ಪುಟಕ್ಕೂ ಭುಜ, ಎದೆ, ಸೊಂಟ, ಉದ್ದ ಎಂದು ಅಕ್ಕ ಗೆರೆ ಹಾಕಿಟ್ಟಿದ್ದಾಳೆ. ಗೆರೆಗಳ ಮೇಲೆಯೇ ಬರೆಯುತ್ತಿದ್ದೇನೆ. ಅವಳು ತೀರಿಕೊಂಡು ಇವತ್ತಿಗೆ ಮೂರು ತಿಂಗಳು. ದಿನಕ್ಕೆ ನಾಲ್ಕು ಮಾತು ಆಡುತ್ತಿದ್ದವಳು ನಾನು, ಆ ನಾಲ್ಕೂ ಅವಳ ಹತ್ತಿರವೇ. ಈಗ ಅವನ್ನು ಎಲ್ಲಿಡುವುದು ತಿಳಿಯದೆ ಇಲ್ಲಿ ಇಡುತ್ತಿದ್ದೇನೆ.

ಭಾವ ಎಂದಿನಂತೆ ಹತ್ತು ಗಂಟೆಗೆ ಅಂಗಡಿಗೆ ಬಂದರು. ಅಕ್ಕ ಇದ್ದಾಗ ಅವರು ಅಂಗಡಿಯೊಳಗೆ ಕಾಲಿಟ್ಟದ್ದು ಕಡಿಮೆ. ಈಗ ದಿನವೂ ಬಂದು ಕಿಟಕಿ ಪಕ್ಕ ಕೂತು ಗುಂಡಿ ಹೊಲಿಯುತ್ತಾರೆ. ಒಂದು ಗುಂಡಿಗೆ ಅವರು ಹಾಕುವ ದಾರದಲ್ಲಿ ನಾನು ನಾಲ್ಕು ಹೊಲಿಯುತ್ತೇನೆ. ಅಕ್ಕನ ಮೆಷಿನ್ ಮೇಲೆ ಹೊದಿಕೆ ಹಾಗೆಯೇ ಇದೆ. ಅದರ ಕಡೆ ನಾನೂ ನೋಡುವುದಿಲ್ಲ, ಅವರೂ ನೋಡುವುದಿಲ್ಲ.

ಸಂಜೆ ಬಸ್ ಕಂಡಕ್ಟರಮ್ಮ ಬಂದಿದ್ದರು. ಎಂಟು ವರ್ಷದ ಗಿರಾಕಿ. ಯೂನಿಫಾರ್ಮಿನ ಪ್ಯಾಂಟು ಸೊಂಟದಲ್ಲಿ ಹಿಡಿಯುತ್ತಿದೆ, ಒಗೆದು ಒಗೆದು ಬಟ್ಟೆ ಕುಗ್ಗಿದೆ ಎಂದರು. ಕುಗ್ಗುವ ಬಟ್ಟೆ ಅಲ್ಲ ಅದು. ಹಿಂದಿನ ಹೊಲಿಗೆ ಬಿಚ್ಚಿ ಒಂದು ಇಂಚು ಬಿಟ್ಟುಕೊಟ್ಟೆ. ಅಂಗಡಿಯ ಈಗಿನ ಅಳತೆ ಪುಸ್ತಕದಲ್ಲಿ ಹಳೆಯ 33 ಅನ್ನೇ ಬರೆದೆ.

ಇದು ನಮ್ಮ ಅಂಗಡಿಯ ಪದ್ಧತಿ. ಗಿರಾಕಿ ದಪ್ಪಗಾಗಿದ್ದರೆ ಬಾಯಿಬಿಟ್ಟು ಹೇಳಬಾರದು. ನಿಜವಾದ ಅಂಕಿಯನ್ನು ಒಂದು ಚೂರು ಕಾಗದದಲ್ಲಿ ಬರೆದು ಬಟ್ಟೆಗೆ ಚುಚ್ಚಬೇಕು, ಹೊಲಿದ ಮೇಲೆ ಕಾಗದ ಬುಟ್ಟಿಗೆ. ಪುಸ್ತಕದಲ್ಲಿ ಮಾತ್ರ ಹಳೆಯ ಅಂಕಿ. ಗಿರಾಕಿ ಇಣುಕಿ ನೋಡಿ, ಪರವಾಗಿಲ್ಲ, ಹಾಗೇ ಇದ್ದೀನಿ ಅಂದುಕೊಂಡು ಹಗುರಾಗಿ ಹೋಗುತ್ತಾರೆ. ಅದಕ್ಕೆ ನಾನು ಅಕ್ಕನ ಅಂಕಿ ಎಂದು ಹೆಸರಿಟ್ಟಿದ್ದೆ. ಅವಳು ನನಗೆ ಗುಂಡುಸೂಜಿ ಎಂದು ಇಟ್ಟಿದ್ದಳು. ಸದಾ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುತ್ತೇನಲ್ಲ, ಮಾತಾಡದೆ ಇರಲು ಅದು ಒಳ್ಳೆಯ ನೆಪ ಅನ್ನುತ್ತಿದ್ದಳು.

ನಾಳೆ ಹನ್ನೆರಡು ಅಂಗಿ.

ಮಾರ್ಚ್ 9, ಭಾನುವಾರ

ಭಾವ ಬೀರು ತೆಗೆದುಕೊಟ್ಟು, ಅವಳ ಬಟ್ಟೆ ನೀನೇ ನೋಡು, ಯಾರಿಗಾದರೂ ಆಗುವುದಿದ್ದರೆ ಕೊಡು, ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಹೇಳಿ ಹೊರಗೆ ನಡೆದಾಡಲು ಹೋದರು. ಅವರ ಮನೆ ನಮ್ಮ ಹಿಂದಿನ ಬೀದಿಯಲ್ಲಿ. ಎರಡು ಕೋಣೆ. ಕಿಟಕಿಯಲ್ಲಿ ಅವಳ ಕನ್ನಡಕ ಇನ್ನೂ ಇದೆ.

ಅಂಗಡಿಯಲ್ಲಿ ಅವಳು ದಿನವೂ ಹಾಕುತ್ತಿದ್ದ ಬೂದು ಬಣ್ಣದ ಉದ್ದ ಕೋಟನ್ನು ಮಗುಚಿ ನೋಡಿದೆ. ಒಳಗೆ ಮೂರು ಬಣ್ಣದ ದಾರ.

ಸೊಂಟದಲ್ಲಿ ಮೊದಲ ಸಲ ಬಿಚ್ಚಿ ಹೊಲಿದದ್ದು ಬೂದು ದಾರದಲ್ಲಿ. ಎರಡನೆಯ ಸಲ ನೀಲಿಯಲ್ಲಿ. ಮೂರನೆಯ ಸಲ ಒಳಗೆ ಬಟ್ಟೆ ಉಳಿದಿರಲಿಲ್ಲ, ಬೇರೆ ಬಟ್ಟೆಯ ಪಟ್ಟಿಯನ್ನು ಕಪ್ಪು ದಾರದಲ್ಲಿ ಜೋಡಿಸಿದ್ದಾಳೆ, ಕಂಕುಳ ಕೆಳಗೆ, ಕೈ ಇಳಿಬಿಟ್ಟರೆ ಕಾಣದ ಜಾಗದಲ್ಲಿ. ಭುಜದಲ್ಲಿ ಮಾತ್ರ ಉಲ್ಟಾ. ಎರಡೂ ಕಡೆ ಒಳಕ್ಕೆ ಹಿಡಿದಿದ್ದಾಳೆ.

ಮೂವತ್ತು ವರ್ಷ ಬಟ್ಟೆ ಕತ್ತರಿಸಿದ್ದೇನೆ. ಮನುಷ್ಯರು ದಪ್ಪಗಾದರೆ ಎಲ್ಲ ಕಡೆ ಆಗುತ್ತಾರೆ, ಇಳಿದರೆ ಎಲ್ಲ ಕಡೆ ಇಳಿಯುತ್ತಾರೆ. ಭುಜ ಇಳಿದು ಸೊಂಟ ಏರುವುದು ಊಟದ ಕೆಲಸವಲ್ಲ. ಆ ನೀಲಿ ದಾರ ಶಾಲೆ ಶುರುವಾಗುವ ಹೊತ್ತಿನಲ್ಲಿ ಮಾತ್ರ ನಮ್ಮಲ್ಲಿ ಇರುತ್ತದೆ. ಅಂದರೆ ಜೂನ್. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಅಕ್ಟೋಬರ್. ಕ್ಯಾನ್ಸರ್, ಹೊಟ್ಟೆಯೊಳಗೆ ಎಲ್ಲ ಕಡೆ ಹಬ್ಬಿದೆ ಎಂದರು. ಆಗ ನಾವೆಲ್ಲ, ಮೊನ್ನೆಯವರೆಗೂ ಚೆನ್ನಾಗಿದ್ದಳಲ್ಲ ಅಂದೆವು.

ಇದನ್ನೆಲ್ಲ ನಾನು ದಾರ, ಗುಂಡಿ ತರಲು ಹೋದ ಮಧ್ಯಾಹ್ನಗಳಲ್ಲಿ ಮಾಡಿರಬೇಕು. ನಾನು ಕೂರುವ ಜಾಗದಿಂದ ಅವಳು ನಾಲ್ಕು ಅಡಿ ದೂರ.

ಅಂಗಡಿಗೆ ಹೋಗಿ ಪುಸ್ತಕದಲ್ಲಿ ಅವಳ ಪುಟ ತೆಗೆದೆ. ಆರು ವರ್ಷದಿಂದ ಸೊಂಟ ಒಂದೇ ಅಂಕಿ, ಅವಳದೇ ಕೈಬರಹ. ತನಗೂ ಅಕ್ಕನ ಅಂಕಿಯನ್ನೇ ಬರೆದುಕೊಂಡಿದ್ದಾಳೆ.

ಭಾವನಿಗೆ ಹೇಳಲಿಲ್ಲ. ಕೋಟನ್ನು ನನ್ನ ಮನೆಗೆ ತಂದೆ.

ಮಾರ್ಚ್ 12, ಬುಧವಾರ

ಒಂಬತ್ತು ಅಂಗಿ. ಬರೆಯುವಂಥದ್ದು ಏನಿಲ್ಲ.

ಮಾರ್ಚ್ 20, ಗುರುವಾರ

ಸಂಜೆ ಆರೂವರೆ. ಭಾವ ಒಂದು ಅಂಗಿಗೆ ಐದೂ ಗುಂಡಿಗಳನ್ನು ಗುಂಡಿ ತೂರಿಸುವ ಕಾಜಾ ಇರುವ ಕಡೆಗೇ ಹೊಲಿದಿಟ್ಟಿದ್ದರು. ಅಂಗಿಯನ್ನು ಅವರ ಮುಂದೆ ಎತ್ತಿ ಹಿಡಿದೆ. ಅವರು ಕನ್ನಡಕ ಏರಿಸಿ ನೋಡಿ, ಇದು ಹಾಕಿಕೊಳ್ಳೋ ಅಂಗಿ ಅಲ್ಲ, ನೋಡೋ ಅಂಗಿ ಎಂದರು. ನನಗೆ ನಗು ಬಂತು. ಬಾಯಲ್ಲಿ ಗುಂಡುಸೂಜಿ ಇದ್ದದ್ದರಿಂದ ನಗಲಾಗಲಿಲ್ಲ.

ಊಟದ ಹೊತ್ತಿಗೆ ಅವರು ತಮ್ಮ ಹಳೆಯ ಕೆಲಸದ ಮಾತು ತೆಗೆದರು. ಮೂವತ್ತೊಂದು ವರ್ಷ ಲಾರಿ ತೂಗುವ ಕಟ್ಟೆಯಲ್ಲಿ ಗುಮಾಸ್ತರಾಗಿದ್ದವರು. ಲಾರಿ ಬರುವ ಸದ್ದಿನಲ್ಲೇ ಎಷ್ಟು ಟನ್ ಎಂದು ಹೇಳುತ್ತಿದ್ದರಂತೆ, ಮುಳ್ಳು ನೋಡುವುದೇ ಬೇಡವಂತೆ. ಹೇಳುತ್ತಾ ಹೇಳುತ್ತಾ ನಿಲ್ಲಿಸಿ ಡಬ್ಬಿ ಮುಚ್ಚಿದರು. ಅವರು ಅಕ್ಕನ ವಿಷಯ ಯೋಚಿಸಿದರು ಎಂದು ನನಗೆ ಗೊತ್ತಾಯಿತು. ಕೋಟಿನ ವಿಷಯ ನಾಲಿಗೆ ತುದಿಗೆ ಬಂತು. ನುಂಗಿದೆ.

ಏಪ್ರಿಲ್ 5, ಶನಿವಾರ

ಎಂಟು ಗಂಟೆ. ತಡವಾಯಿತು.

ಕಂಡಕ್ಟರಮ್ಮ ಮತ್ತೆ ಬಂದಿದ್ದರು. ಪ್ಯಾಂಟಿನ ಗುಂಡಿ ಹಾಕದೆ ಬೆಲ್ಟಿನಲ್ಲೇ ನಿಭಾಯಿಸುತ್ತಿದ್ದಾರೆ. ನಾನು ಟೇಪು ಸುತ್ತಿದಾಗ ಅವರ ಬಾಯಿ ಎಂದಿನಂತೆ ಓಡುತ್ತಿತ್ತು. ಎರಡು ತುತ್ತು ಒಳಗೆ ಹೋದರೆ ಸಾಕು ಹೊಟ್ಟೆ ಬಿರಿಯುವ ಹಾಗಾಗುತ್ತದಂತೆ, ಆದರೂ ಊದುತ್ತಿದ್ದಾರಂತೆ, ಪ್ರಯಾಣಿಕರು ಬಿಟ್ಟ ಗಾಳಿ ಕುಡಿದೇ ದಪ್ಪಗಾಗುತ್ತಿರಬೇಕಂತೆ. ಗಂಟೆಗೊಮ್ಮೆ ಶೌಚಾಲಯ ಹುಡುಕಬೇಕು, ಡ್ರೈವರ್ ಮುಖ ಗಂಟಿಕ್ಕುತ್ತಾನೆ, ನಿನಗೋಸ್ಕರ ಹೊಸ ಸ್ಟಾಪ್ ಮಾಡಿಸಬೇಕು ಅನ್ನುತ್ತಾನಂತೆ. ವಯಸ್ಸು ನಲವತ್ತೇಳು, ಈ ವಯಸ್ಸಿನಲ್ಲಿ ಎಲ್ಲರಿಗೂ ಹೀಗೇ ಎಂದು ಅತ್ತಿಗೆ ಹೇಳಿದ್ದಾರಂತೆ.

ಭುಜ ನೋಡಿದೆ, ಬದಲಿಲ್ಲ. ಎದೆ ಬದಲಿಲ್ಲ. ತೋಳು, ತೊಡೆ ಬದಲಿಲ್ಲ. ಸೊಂಟ ಮಾತ್ರ.

ಟೇಪನ್ನು ಇನ್ನೊಂದು ಸಲ ಸುತ್ತಿದೆ, ಅದೇ ಅಂಕಿ. ಅಕ್ಕನೂ ಊಟದ ಡಬ್ಬಿ ಅರ್ಧಕ್ಕೇ ಮುಚ್ಚುತ್ತಿದ್ದಳು. ಬಾಯಲ್ಲಿ ಆರು ಗುಂಡುಸೂಜಿ ಇತ್ತು. ತೆಗೆಯಲಿಲ್ಲ. ತಲೆಯಾಡಿಸಿ ಪ್ಯಾಂಟು ಇಟ್ಟುಕೊಂಡು, ಮಂಗಳವಾರ ಬನ್ನಿ ಎಂದು ಬೆರಳಲ್ಲಿ ಕ್ಯಾಲೆಂಡರ್ ತೋರಿಸಿದೆ.

ಅವರು ಹೋದ ಮೇಲೆ ಪುಸ್ತಕ ನೋಡಿಕೊಂಡರೆ ಸೊಂಟ 33 ಎಂದು ನಾನೇ ಬರೆದಿದ್ದೆ.

ಏಪ್ರಿಲ್ 6, ಭಾನುವಾರ

ಬೆಳಿಗ್ಗೆ ಹತ್ತು. ರಜೆಯಾದರೂ ಅಂಗಡಿಗೆ ಹೋಗಿ ಪ್ಯಾಂಟನ್ನು ಮಗುಚಿ ಬೆಳಕಿಗೆ ಹಿಡಿದೆ. ಬಿಚ್ಚಿದ ಹೊಲಿಗೆಯ ಸೂಜಿ ತೂತು ಬೇಗ ಹೋಗುವುದಿಲ್ಲ. ಎಲ್ಲಿಂದ ಎಲ್ಲಿಗೆ ಬಂದಿದೆ ಎಂದು ಅಳೆದೆ. ಪುಸ್ತಕ ಹೇಳದ್ದನ್ನು ಬಟ್ಟೆ ಹೇಳಿತು. ಇಲ್ಲಿ ಬರೆದಿಡುತ್ತೇನೆ.

ಸೊಂಟ: ಹೋದ ಸೆಪ್ಟೆಂಬರ್‌ನಲ್ಲಿ ಹೊಲಿದಾಗ 33. ಮಾರ್ಚ್ 4ಕ್ಕೆ 34. ಏಪ್ರಿಲ್ 5ಕ್ಕೆ, ಪ್ಯಾಂಟಿಗೆ ಚುಚ್ಚಿದ ಚೂರು ಕಾಗದದ ಪ್ರಕಾರ, 35½. ಬೇರೆ ಯಾವುದೂ ಬದಲಿಲ್ಲ.

ಮಧ್ಯಾಹ್ನ ಅಕ್ಕನ ಕೋಟು ಮಡಿಸಿಕೊಂಡು ಭಾವನ ಮನೆಗೆ ಹೋದೆ. ಮೇಜಿನ ಮೇಲೆ ಹರಡಿ, ಒಳಭಾಗ ಮೇಲೆ ಮಾಡಿ, ಮೂರು ದಾರಗಳನ್ನೂ ಬೆರಳಿಟ್ಟು ತೋರಿಸಿದೆ. ಪಟ್ಟಿ ಜೋಡಿಸಿದ ಜಾಗದಲ್ಲಿ ಅವರು ತುಂಬ ಹೊತ್ತು ಕೈಯಿಟ್ಟುಕೊಂಡಿದ್ದರು. ಹೇಳಬಾರದಿತ್ತೇನೋ ಅನ್ನಿಸಿತು. ಆಮೇಲೆ ಕಂಡಕ್ಟರಮ್ಮನ ವಿಷಯವನ್ನೂ ಹೇಳಿದೆ. ಅಕ್ಕ ಇದ್ದಿದ್ದರೆ ಹೇಳಕೂಡದು ಅನ್ನುತ್ತಿದ್ದಳು, ಗಿರಾಕಿಯ ಮನಸ್ಸು ನೋಯಿಸಬಾರದು ಅನ್ನುತ್ತಿದ್ದಳು ಎಂದೆ.

ಭಾವ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ನೋಡು, ಲಾರಿಯನ್ನ ಎರಡು ಸಲ ತೂಗ್ತೀವಿ. ಖಾಲಿ ಒಂದು ಸಲ, ತುಂಬಿದ್ದು ಒಂದು ಸಲ. ಎರಡೂ ಸರಿಯಾಗಿ ಬರೆದಿದ್ರೆ ತಾನೆ ಒಳಗೆ ಏನಿದೆ ಅಂತ ತಿಳಿಯೋದು? ಒಂದು ಸುಳ್ಳು ಬರೆದರೆ ಎರಡೂ ಸುಳ್ಳೇ. ನಿಮ್ಮಕ್ಕ ಒಳ್ಳೇ ಮನಸ್ಸಿಂದಲೇ ಬರೆದಳು. ಆದರೂ ಅದು ಸುಳ್ಳೇ."

ಕೋಟಿನ ತೋಳು ಮಡಿಸುತ್ತ, "ನನ್ನ ಪಕ್ಕದಲ್ಲೇ ಮಲಗ್ತಿದ್ದಳು. ನಾನೂ ತೂಗಲಿಲ್ಲ" ಎಂದರು.

ಅವರು ಅಳುವುದನ್ನು ಮೊದಲ ಸಲ ನೋಡಿದೆ. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ. ನೀರು ತಂದುಕೊಟ್ಟೆ. ಆಮೇಲೆ ಇಬ್ಬರೂ ಕೂತು ಒಂದೇ ತಟ್ಟೆಯಿಂದ ಬಿಸ್ಕತ್ತು ತಿಂದೆವು.

ಏಪ್ರಿಲ್ 8, ಮಂಗಳವಾರ

ಆರು ಗಂಟೆಗೆ ಕಂಡಕ್ಟರಮ್ಮ ಬಂದರು. ಭಾವ ದಾರ ತರುತ್ತೇನೆ ಎಂದು ಎದ್ದು ಹೋದರು. ಅಂಗಡಿಯಲ್ಲಿ ದಾರದ ಡಬ್ಬಿ ತುಂಬಿತ್ತು.

ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟೆ. ಕೂತುಕೊಳ್ಳಿ ಎಂದೆ. ಅವರು ಕೂರಲಿಲ್ಲ. ಪ್ಯಾಂಟು ಹರಡಿ ತೂತಿನ ಸಾಲು ತೋರಿಸಿ ಮೂರು ಅಂಕಿಗಳನ್ನೂ ಹೇಳಿದೆ. ನಾನು ಇಷ್ಟು ಮಾತನ್ನು ಒಂದೇ ಸಲಕ್ಕೆ ಆಡಿ ಎಷ್ಟು ವರ್ಷವಾಯಿತೋ. ದನಿ ನನ್ನದಲ್ಲ ಅನ್ನಿಸಿತು.

ಅವರ ಮುಖ ಬಿಗಿಯಾಯಿತು. "ಅಂಗಡಿಗೆ ಬಂದೋರಿಗೆ ನೀನು ದಪ್ಪ ಅಂತ ಹೇಳೋಕೆ ಶುರು ಮಾಡಿದ್ರಾ? ಎಂಟು ವರ್ಷದಿಂದ ಇಲ್ಲದ್ದು?"

"ದಪ್ಪ ಆಗಿಲ್ಲ ನೀವು. ಅದಕ್ಕೇ ಹೇಳ್ತಿದ್ದೀನಿ. ದಪ್ಪ ಆಗಿದ್ರೆ ತೋಳೂ ಆಗ್ತಿತ್ತು."

ಅಕ್ಕನ ಕೋಟು ತೆಗೆದು ಒಳಭಾಗ ತೋರಿಸಿದೆ. ಅಕ್ಕನನ್ನು ಅವರು ಚೆನ್ನಾಗಿ ಬಲ್ಲರು. ಯಾವ ಕಾಯಿಲೆ ಎಂದೂ ಗೊತ್ತು. ನೀಲಿ ದಾರ ಯಾವ ತಿಂಗಳಿನದು ಎಂದು ಹೇಳಿದೆ.

"ನಿಮಗೂ ಅದೇ ಅಂತ ನಾನು ಹೇಳ್ತಿಲ್ಲ. ನಾನು ಡಾಕ್ಟರ್ ಅಲ್ಲ. ಏನೂ ಇಲ್ಲದೆಯೂ ಇರಬಹುದು. ತಿಂಗಳು ದಾಟಿದೆ, ಒಂದು ಸಲ ತೋರಿಸ್ಕೊಂಡು ಬನ್ನಿ. ಏನೂ ಇಲ್ಲ ಅಂದ್ರೆ ಬಂದು ನನ್ನನ್ನ ಬೈಯಿರಿ."

ಪ್ಯಾಂಟು ಸುತ್ತಿ ಚೀಲಕ್ಕೆ ತುರುಕಿಕೊಂಡು ಹೋದರು. ಹೋಗಿ ಬರುತ್ತೇನೆ ಎನ್ನಲಿಲ್ಲ.

ಭಾವ ಕಾಲು ಗಂಟೆ ಬಿಟ್ಟು ಬಂದರು. ಕೈಯಲ್ಲಿ ನಿಜವಾಗಿಯೂ ದಾರದ ಉಂಡೆ ಇತ್ತು. ಕಿತ್ತಳೆ ಬಣ್ಣ. ಅದನ್ನು ಯಾವ ಬಟ್ಟೆಗೆ ಹಾಕುವುದೋ.

ಏಪ್ರಿಲ್ 11, ಶುಕ್ರವಾರ

ಕಂಡಕ್ಟರಮ್ಮನ ಬಸ್ಸು ದಿನಕ್ಕೆ ನಾಲ್ಕು ಸಲ ಅಂಗಡಿ ಮುಂದೆ ಹಾದುಹೋಗುತ್ತದೆ. ದಿನವೂ ಮೆಟ್ಟಿಲ ಮೇಲೆ ನಿಂತು ಕೈ ಎತ್ತುತ್ತಿದ್ದವರು ಈ ಮೂರು ದಿನ ಆಚೆ ಬದಿಗೆ ನಿಲ್ಲುತ್ತಿದ್ದಾರೆ. ಮಧ್ಯಾಹ್ನ ಬಂದ ಒಬ್ಬ ಗಿರಾಕಿ ಟೇಪು ನೋಡಿದ ತಕ್ಷಣ, ಇಲ್ಲಿ ಈಗ ಅಳತೆ ಓದಿ ಹೇಳ್ತಾರಂತೆ, ನನ್ನದು ಮಾತ್ರ ಓದಬೇಡಿ ತಾಯಿ ಎಂದು ಕೈಮುಗಿದರು. ಎಲ್ಲರೂ ನಕ್ಕರು. ನಾನೂ ತುಟಿ ಅಗಲಿಸಿದೆ.

ಹೇಳಬಾರದಿತ್ತು. ಅಕ್ಕನಿಗೆ ಗಿರಾಕಿಗಳನ್ನು ಉಳಿಸಿಕೊಳ್ಳುವುದು ಗೊತ್ತಿತ್ತು.

ಏಪ್ರಿಲ್ 16, ಬುಧವಾರ

ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯುತ್ತಿದ್ದೆ. ಬಸ್ಸು ಸ್ಟಾಪ್ ಇಲ್ಲದ ಕಡೆ, ಅಂಗಡಿ ಮುಂದೆಯೇ ನಿಂತಿತು. ಒಳಗಿದ್ದವರೆಲ್ಲ ಕಿಟಕಿಯಿಂದ ನೋಡುತ್ತಿದ್ದಾರೆ. ಕಂಡಕ್ಟರಮ್ಮ ಇಳಿದು ಬಂದು, ಮುಖ ಬೇರೆ ಕಡೆ ಇಟ್ಟುಕೊಂಡೇ ಹೇಳಿದರು.

"ಟೈಲರಮ್ಮ, ಆ ಅಂಕಿಗಳನ್ನ ಒಂದು ಚೀಟಿಯಲ್ಲಿ ಬರೆದುಕೊಡಿ. ನಿನ್ನೆ ಡಿಪೋ ಪಕ್ಕದ ಡಾಕ್ಟರ್ ಹತ್ರ ಹೋಗಿದ್ದೆ. ಎಷ್ಟು ದಿನದಿಂದ ಅಂತ ಕೇಳಿದ್ರು. ನಂಗೆ ಏನು ಗೊತ್ತು? ದೊಡ್ಡಾಸ್ಪತ್ರೆಗೆ ಬರೆದುಕೊಟ್ಟಿದ್ದಾರೆ."

ಡ್ರೈವರ್ ಹಾರನ್ ಒತ್ತಿದ. ಅವರು ತಿರುಗದೆ, "ಹೋಲ್ಡಾನ್" ಎಂದು ಕೂಗಿದರು. ಅವನು ಹಾರನ್ ನಿಲ್ಲಿಸಿದ.

ಆ ಅಂಕಿಗಳು ಅಂಗಡಿಯ ಪುಸ್ತಕದಲ್ಲಿ ಇಲ್ಲವಲ್ಲ, ಇದರಲ್ಲಿ ಮಾತ್ರ ಇವೆ. ಸದ್ಯ, ಚೀಲದಲ್ಲಿತ್ತು. ನೋಡಿಕೊಂಡು ತಾರೀಖು ಸಮೇತ ಬರೆದೆ. ಬದಲಾಗದ ಭುಜ, ಎದೆ, ತೋಳನ್ನೂ ಬರೆದೆ. ಬೇಗ ಹೊಟ್ಟೆ ತುಂಬುವುದು, ಗಂಟೆಗೊಮ್ಮೆ ಶೌಚಾಲಯಕ್ಕೆ ಹೋಗುವುದು, ಅವನ್ನೂ ಬರೆದೆ. ಅವರು ನಗುತ್ತ ಹೇಳಿದ್ದನ್ನು ಆಸ್ಪತ್ರೆಯಲ್ಲಿ ನಗುತ್ತ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಚೀಟಿ ಟಿಕೆಟ್ ಚೀಲಕ್ಕೆ ಹಾಕಿಕೊಂಡು, ಮನೆಯಲ್ಲಿ ಅಣ್ಣ ಅತ್ತಿಗೆ ಇದ್ದಾರೆ, ಅತ್ತಿಗೆಗೆ ಹೇಳಿದರೆ ಇವತ್ತಿನಿಂದಲೇ ಅಳಲು ಶುರುಮಾಡುತ್ತಾಳೆ, ನೀವು ಜೊತೆಗೆ ಬರುತ್ತೀರಾ ಎಂದು ಕೇಳಿದರು. ಬರುತ್ತೇನೆ ಎಂದೆ. ಯೋಚಿಸಿ ಹೇಳಿದ್ದಲ್ಲ.

ಏಪ್ರಿಲ್ 24, ಗುರುವಾರ

ಸಂಜೆ ಏಳೂವರೆ. ಕಾಲು ನೋಯುತ್ತಿದೆ.

ಅದೇ ಆಸ್ಪತ್ರೆ, ಅದೇ ಉದ್ದ ಪಡಸಾಲೆ, ಗೋಡೆಯಲ್ಲಿ ಅದೇ ನಿಂತ ಗಡಿಯಾರ. ಅಕ್ಟೋಬರ್‌ನಲ್ಲಿ ಅಕ್ಕನ ಜೊತೆ ಕೂತ ಬೆಂಚು ಎಡಗಡೆಯದು. ನಾನು ಬಲಗಡೆಯದರಲ್ಲಿ ಕೂತೆ. ಕಂಡಕ್ಟರಮ್ಮ ಪಕ್ಕಕ್ಕೆ ಬಂದು ಕೂತರು. ನನ್ನ ಕೈಚೀಲದ ಹಿಡಿಯನ್ನು ಅವರೂ ಒಂದು ಕಡೆ ಹಿಡಿದುಕೊಂಡಿದ್ದರು.

ಡಾಕ್ಟರಮ್ಮ ಚೀಟಿಯನ್ನು ಎರಡು ಸಲ ಓದಿ, ಯಾರು ಬರೆದದ್ದು ಎಂದು ಕೇಳಿದರು. ನಾನು ಟೈಲರ್ ಎಂದೆ. ಅದನ್ನು ಫೈಲಿಗೆ ಪಿನ್ನು ಹಾಕಿ ಸೇರಿಸಿಕೊಂಡರು. ಬುಟ್ಟಿಗೆ ಹೋಗಬೇಕಾದ ಜಾತಿಯ ಕಾಗದ ಅದು.

ಸ್ಕ್ಯಾನಿಂಗ್ ಆಯಿತು, ರಕ್ತ ಕೊಟ್ಟದ್ದಾಯಿತು. ಒಂದು ಕಡೆಯ ಅಂಡಾಶಯದಲ್ಲಿ ಗಡ್ಡೆ ಇದೆ. ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆಯೇ ಏನೆಂದು ಹೇಳಲಾಗುವುದು, ಈಗಲೇ ಹೆದರುವುದು ಬೇಡ, ತಡ ಮಾಡುವುದೂ ಬೇಡ ಎಂದರು. ಮುಂದಿನ ಶುಕ್ರವಾರ ಆಪರೇಷನ್.

ಹೊರಗೆ ಬರುವಾಗ ಪಡಸಾಲೆಯ ಕೊನೆಯ ಕೋಣೆಯ ಬಾಗಿಲಲ್ಲಿ ಹಲಗೆ ನೋಡಿದೆ. ಗುರುವಾರ ಮೂರು ಗಂಟೆಗೆ ಕಾಯಿಲೆಯವರೂ ಮನೆಯವರೂ ಕೂತು ಮಾತಾಡುತ್ತಾರೆ, ಯಾರು ಬೇಕಾದರೂ ಬರಬಹುದು. ಅಕ್ಕ ಇದ್ದಾಗ ಈ ಹಲಗೆಯ ಮುಂದೆ ಇಪ್ಪತ್ತು ಸಲ ಓಡಾಡಿದ್ದೇನೆ. ಮಾತಾಡುವವರಿಗೆ ಅದು, ನಮಗಲ್ಲ ಅಂದುಕೊಂಡಿದ್ದೆ. ಬಾಗಿಲಲ್ಲಿದ್ದ ನರ್ಸಮ್ಮನನ್ನು, ಮನೆಯವರು ತೀರಿಕೊಂಡಿದ್ದರೆ ಬರಬಹುದಾ ಎಂದು ಕೇಳಿದೆ. ಅಂಥವರೇ ಅರ್ಧ ಜನ ಎಂದರು.

ಮೇ 2, ಶುಕ್ರವಾರ

ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಆಸ್ಪತ್ರೆಯಲ್ಲಿ. ಅತ್ತಿಗೆ ಅಳುತ್ತಾರೆ ಎಂದು ಕಂಡಕ್ಟರಮ್ಮ ಹೇಳಿದ್ದು ಸುಳ್ಳಲ್ಲ; ಈಗ ಅವಳನ್ನು 'ಅವರು' ಎಂದು ಬರೆಯಲು ಕೈ ಬರುವುದಿಲ್ಲ. ಆದರೆ ಅಳುತ್ತಲೇ ಎಲ್ಲರಿಗೂ ಊಟ ಕಟ್ಟಿಕೊಂಡು ಬಂದಿದ್ದರು. ಭಾವ ಆರು ಅಂಗಿ, ಒಂದು ಡಬ್ಬಿ ಗುಂಡಿ ತಂದು ಕಾಯುವ ಕೋಣೆಯಲ್ಲೇ ಹೊಲಿಯುತ್ತ ಕೂತರು. ಪಕ್ಕದಲ್ಲಿ ಕೂತಿದ್ದ ಯಾರೋ ಅಪರಿಚಿತರು ಸುಮ್ಮನಿರಲಾರದೆ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದರು.

ಗಾಲಿ ಮಂಚದಲ್ಲಿ ಒಳಗೆ ಹೋಗುವಾಗ ಕಂಡಕ್ಟರಮ್ಮ ಡ್ರೈವರ್ ಕಡೆ ಕೂಗುವ ಹಾಗೆಯೇ, ದನಿ ಮಾತ್ರ ತಗ್ಗಿಸಿ, "ರೈಟ್, ರೈಟ್" ಅಂದಳು. ತಳ್ಳುತ್ತಿದ್ದವನಿಗೆ ನಗು ತಡೆಯಲಾಗಲಿಲ್ಲ.

ಗಡ್ಡೆ ತೆಗೆದರು. ಕಾಯಬೇಕು.

ನಿನ್ನೆ ನನ್ನ ಮೆಷಿನ್ನಿನ ಬೆಲ್ಟ್ ಕಿತ್ತುಹೋಗಿತ್ತು. ಇವತ್ತಿನ ಅಂಗಿಗಳನ್ನೆಲ್ಲ ಹೊದಿಕೆ ತೆಗೆದು ಇನ್ನೊಂದರಲ್ಲಿ ಮುಗಿಸಿದೆ. ಎಣ್ಣೆ ಬಿಟ್ಟರೆ ಸಾಕು, ಹೊಲಿಗೆ ನನ್ನದಕ್ಕಿಂತ ಸಮ ಬರುತ್ತದೆ.

ಮೇ 10, ಶನಿವಾರ

ಸಂಜೆ ಆರು. ರಿಪೋರ್ಟ್ ಬಂತು. ಕ್ಯಾನ್ಸರ್ ಹೌದು. ಆ ಒಂದು ಕಡೆ ಬಿಟ್ಟು ಬೇರೆ ಎಲ್ಲೂ ಕಾಣಲಿಲ್ಲ. ಆದರೂ ಕೆಲವು ಸಲ ಔಷಧಿ ಏರಿಸಬೇಕು, ಆಮೇಲೆ ವರ್ಷಗಟ್ಟಲೆ ಬಂದು ತೋರಿಸುತ್ತಿರಬೇಕು. ಬೇಗ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರಮ್ಮ. ಹೊರಗೆ ಬಂದು ಕಂಡಕ್ಟರಮ್ಮ ಬೆಂಚಿನ ಮೇಲೆ ಕೂತು ಫೈಲನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ, "ಟಿಕೆಟ್ ಇಲ್ದೆ ಹತ್ತಿದ್ದ. ಮೊದಲ ಸ್ಟಾಪಲ್ಲೇ ಇಳಿಸಿದ್ವಿ" ಅಂದಳು. ಆಮೇಲೆ ಅತ್ತಳು. ನಾವು ಕೂತಿದ್ದದ್ದು ಎಡಗಡೆಯ ಬೆಂಚು ಎಂದು ಎದ್ದ ಮೇಲೆ ನೋಡಿದೆ.

ಅಂಗಡಿಗೆ ಬಂದು ಭಾವನಿಗೆ ಹೇಳಿದೆ. ಅವರು ಜೇಬಿನಿಂದ ಒಂದು ಆಯಸ್ಕಾಂತ ತೆಗೆದು ನನ್ನ ಮುಂದಿಟ್ಟರು. ಹಳೆಯ ಆಫೀಸಿನದು. ಗುಂಡುಸೂಜಿ ಇದಕ್ಕೆ ಅಂಟಿಸು, ಬಾಯಿ ಖಾಲಿ ಇರಲಿ ಎಂದರು.

ಮೇ 22, ಗುರುವಾರ

ಸಂಜೆ ಏಳೂ ಕಾಲು. ಬೆಳಿಗ್ಗೆ ಹತ್ತು ಅಂಗಿ, ಮಧ್ಯಾಹ್ನ ಅಂಗಡಿ ಮುಚ್ಚಿ ಮೂರು ಗಂಟೆಗೆ ಆಸ್ಪತ್ರೆಯ ಕೊನೆಯ ಕೋಣೆ. ನಾನು, ಭಾವ, ಕಂಡಕ್ಟರಮ್ಮ. ಹದಿನಾಲ್ಕು ಕುರ್ಚಿ ಸುತ್ತಾಗಿ ಹಾಕಿದ್ದರು. ಭಾವ ಮಾತಾಡಿದರು. ಲಾರಿಯಿಂದ ಶುರುಮಾಡಿದರು, ಎಲ್ಲರೂ ಎಲ್ಲಿಗೆ ಹೋಗುತ್ತಾರೋ ಎಂದು ನೋಡುತ್ತಿದ್ದರು, ಕೊನೆಗೆ ಕೋಟಿಗೆ ಬಂದರು. ಎದುರಿಗಿದ್ದ ಮುದುಕರೊಬ್ಬರು ತಮ್ಮ ಹೆಂಡತಿ ಕಾಲು ಊದಿದ್ದಕ್ಕೆ ಚಪ್ಪಲಿ ಬದಲಾಯಿಸಿದ್ದು ತಮಗೆ ತಿಳಿಯಲೇ ಇಲ್ಲ ಎಂದು ಹೇಳಿದರು. ನಾನು ಹೆಚ್ಚೇನೂ ಮಾತಾಡಲಿಲ್ಲ. ಅಕ್ಕನ ಅಂಕಿ ಅಂದರೆ ಏನು ಎಂದು ಹೇಳಿದೆ, ಅಷ್ಟೆ. ಅಕ್ಕ ತಪ್ಪು ಮಾಡಲಿಲ್ಲ, ಅವಳ ಅಳತೆ ಯಾರೂ ತೆಗೆದಿರಲಿಲ್ಲ ಎಂದೂ ಹೇಳಿದೆನಂತೆ. ನನಗೆ ನೆನಪಿಲ್ಲ, ಭಾವ ಹೇಳಿದರು.

ಬರುವ ದಾರಿಯಲ್ಲಿ ಕಂಡಕ್ಟರ್ ತನ್ನ ಪ್ಯಾಂಟಿನ ವಿಷಯ ತೆಗೆದಳು. ಡ್ಯೂಟಿಗೆ ಹೋಗಲು ಇನ್ನೂ ತಿಂಗಳುಗಟ್ಟಲೆ ಇದೆ, ಆದರೂ ಈಗ ಜಾರುತ್ತಿದೆಯಂತೆ, ನೋಡಿದರೆ ಮನಸ್ಸಿಗೆ ಒಂಥರಾ ಆಗುತ್ತದಂತೆ.

"ಹಿಡಿದುಕೊಡ್ತೀಯಾ ಅಕ್ಕ? ಅಂಕಿ ಜೋರಾಗಿ ಓದು. ಬೀದಿಗೆಲ್ಲ ಕೇಳಿಸಲಿ."

ಅಂಗಡಿಯಲ್ಲಿ ಈಗ ಚೂರು ಕಾಗದಗಳನ್ನು ಎಸೆಯುವುದಿಲ್ಲ. ತಾರೀಖು ಹಾಕಿ ಪುಸ್ತಕಕ್ಕೆ ಅಂಟಿಸುತ್ತಿದ್ದೇನೆ. ಕೇಳಬೇಕು ಅನ್ನುವವರಿಗೆ ಓದುತ್ತೇನೆ, ಬೇಡ ಅನ್ನುವವರಿಗೆ ಪುಟ ತೋರಿಸಿ ಸುಮ್ಮನಾಗುತ್ತೇನೆ. ಇವತ್ತು ಬಾಗಿಲು ಮುಚ್ಚುವ ಮುಂಚೆ ನನ್ನದೂ ತೆಗೆದುಕೊಂಡೆ. ಭುಜ 14, ಎದೆ 36, ಸೊಂಟ 32½. ಭಾವ ಬರೆದುಕೊಂಡರು.

ಈ ಪುಸ್ತಕದಲ್ಲಿ ಇನ್ನು ಎರಡೇ ಪುಟ ಉಳಿದಿದೆ. ನಾಳೆ ಹತ್ತು ಗಂಟೆಗೆ ಕಂಡಕ್ಟರ್ ಬರುತ್ತಾಳೆ. ಸೊಂಟ ಹಿಡಿಯಬೇಕು, ಒಳಗಿನ ಬಟ್ಟೆ ಕತ್ತರಿಸದೆ; ಅವಳು ಮತ್ತೆ ಮೈ ತುಂಬಿಕೊಂಡಾಗ ಬಿಚ್ಚಲು ಬೇಕು.